ಹತ್ತನೇ ತರಗತಿಯ ಇಂಗ್ಲಿಷ್ ಪುನರಾವರ್ತನೆ: ಉತ್ತರಪತ್ರಿಕೆಗಳಿಂದ ಶುರುವಾದ ಒಂದು ಪ್ರಕರಣ

ಇದು ಕರ್ನಾಟಕದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ, ಎಸ್‌ಎಸ್‌ಎಲ್‌ಸಿಗೆ ವರ್ಷದಲ್ಲಿ ಮೂರು ಪರೀಕ್ಷೆಗಳ ಪದ್ಧತಿ ಬಂದ ನಂತರ ನಡೆದದ್ದು. ಊರು, ತಾಲ್ಲೂಕು, ವರ್ಷ ಯಾವುದನ್ನೂ ಹೇಳುತ್ತಿಲ್ಲ. ಮಕ್ಕಳನ್ನು ಒಂದೊಂದು ಅಕ್ಷರದಿಂದ ಕರೆದಿದ್ದೇನೆ. ಆ ಅಕ್ಷರಗಳಿಗೂ ಅವರ ಹೆಸರಿಗೂ ಸಂಬಂಧವಿಲ್ಲ. ನಾನು ಬೇರೊಂದು ತಾಲ್ಲೂಕಿನಲ್ಲಿ ಅದೇ ವಿಷಯ ಕಲಿಸುವವನು. ಆ ಶಾಲೆಯ ಇಂಗ್ಲಿಷ್ ಶಿಕ್ಷಕಿ ಕರೆದಾಗಲೆಲ್ಲ ಹೋಗಿ ಪಕ್ಕದಲ್ಲಿ ಕುಳಿತಿದ್ದೇನೆ. ತೀರ್ಮಾನಗಳೆಲ್ಲ ಅವರವೇ.

ಹಿನ್ನೆಲೆ

ಶಾಲೆ ಕನ್ನಡ ಮಾಧ್ಯಮದ್ದು, ಇಂಗ್ಲಿಷ್ ದ್ವಿತೀಯ ಭಾಷೆ. ಬರವಣಿಗೆಯ ಪರೀಕ್ಷೆಗೆ 80 ಅಂಕ, ಆಂತರಿಕ ಮೌಲ್ಯಮಾಪನಕ್ಕೆ 20. ಸುತ್ತಲಿನ ಹಿರಿಯ ಪ್ರಾಥಮಿಕ ಶಾಲೆಗಳಿಂದ ಎಂಟನೇ ತರಗತಿಗೆ ಬಂದು ಸೇರುವ ಮಕ್ಕಳು. ನಮ್ಮ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಒಂದು ಭಾಷಾ ವಿಷಯವಾಗಿ ಇದೆ. ಹಾಗಾಗಿ ಕಾಗದದ ಮೇಲೆ ಈ ಮಕ್ಕಳು ಒಂಬತ್ತು ವರ್ಷ ಇಂಗ್ಲಿಷ್ ಓದಿ ಹತ್ತನೇ ತರಗತಿಗೆ ಬಂದವರು. ಕಾಗದ ಪಕ್ಕಕ್ಕಿಟ್ಟು ನೋಡಿದರೆ, ಆ ಒಂಬತ್ತು ವರ್ಷಗಳಲ್ಲಿ ಹೆಚ್ಚಿನ ಪಾಲು ಬೋರ್ಡಿನಿಂದ ಪುಸ್ತಕಕ್ಕೆ ಇಳಿಸಿಕೊಳ್ಳುವುದರಲ್ಲೇ ಕಳೆದಿತ್ತು.

ಶಿಕ್ಷಕಿ ಅನುಭವಸ್ಥರು, ಪಾಠಗಳನ್ನು ಡಿಸೆಂಬರ್ ಹೊತ್ತಿಗೆ ಮುಗಿಸಿಬಿಡುವ ಶಿಸ್ತಿನವರು. ಮುಗಿಸಿದ ಮೇಲೆ ಎಲ್ಲರೂ ಮಾಡುವಂತೆ ಪುನರಾವರ್ತನೆಗೆ ಇಳಿದರು. ಮೊದಲ ಗದ್ಯದಿಂದ ಕೊನೆಯ ಪದ್ಯದವರೆಗೆ ಒಂದೊಂದು ಪಾಠದ ಸಾರಾಂಶ, ಮುಖ್ಯ ಪ್ರಶ್ನೆಗಳು, ನೋಟ್ಸಿನ ಉತ್ತರಗಳ ಮರುಓದು. ವ್ಯಾಕರಣಕ್ಕೆ ಪ್ರತ್ಯೇಕ ಪುಸ್ತಕವಿತ್ತು, ಪತ್ರ ಮತ್ತು ಪ್ರಬಂಧಕ್ಕೆ ಇನ್ನೊಂದು. ಬೆಳಗಿನ ವಿಶೇಷ ತರಗತಿಯಲ್ಲಿ ವ್ಯಾಕರಣ, ಸಂಜೆಯ ಗುಂಪು ಅಧ್ಯಯನದಲ್ಲಿ ಕಂಠಪಾಠ. ಇಷ್ಟೆಲ್ಲ ಆದ ಮೇಲೆ ಮೊದಲ ಪೂರ್ವಸಿದ್ಧತಾ ಪರೀಕ್ಷೆ ನಡೆಯಿತು. ಅಂಕಗಳು ಅರ್ಧವಾರ್ಷಿಕದಲ್ಲಿ ಎಲ್ಲಿದ್ದವೋ ಅಲ್ಲೇ ಇದ್ದವು. ಹಲವರದು ಇನ್ನೂ ಕೆಳಗೆ ಇಳಿದಿತ್ತು.

ಮುಖ್ಯ ಶಿಕ್ಷಕರ ಪರಿಹಾರ ಸಿದ್ಧವಾಗಿಯೇ ಇತ್ತು. ತರಗತಿಯನ್ನು ಮೂರು ಗುಂಪು ಮಾಡಿ, ಕೊನೆಯ ಗುಂಪಿಗೆ ಪಾಸಿಂಗ್ ಪ್ಯಾಕೇಜ್ ಕೊಡುವುದು. ಒಂದು ಕಂಠಪಾಠದ ಪದ್ಯ, ಪತ್ರದ ನಮೂನೆ, ಚಿತ್ರ ನೋಡಿ ಬರೆಯುವ ನಾಲ್ಕು ವಾಕ್ಯ, ಬಹು ಆಯ್ಕೆಯ ಪ್ರಶ್ನೆಗಳು, ಖಚಿತವಾಗಿ ಬರುವ ಕೆಲವು ಉತ್ತರಗಳು. ‘ಮೇಡಂ, ಈಗ ಕಲಿಸುವ ಕಾಲವಲ್ಲ, ದಾಟಿಸುವ ಕಾಲ’ ಎಂದರು. ಅವರನ್ನು ದೂರುವಂತಿಲ್ಲ. ಫಲಿತಾಂಶ ಕುಸಿದರೆ ಸಭೆಯಲ್ಲಿ ಎದ್ದು ನಿಂತು ಉತ್ತರ ಕೊಡಬೇಕಾದವರು ಅವರು.

ತೊಂದರೆ ಎಲ್ಲಿದೆ?

ಶಿಕ್ಷಕಿ ಒಪ್ಪಲೂ ಇಲ್ಲ, ನಿರಾಕರಿಸಲೂ ಇಲ್ಲ. ಒಂದು ವಾರ ಕಾಲಾವಕಾಶ ಕೇಳಿದರು. ಆ ಭಾನುವಾರ ಉತ್ತರಪತ್ರಿಕೆಗಳ ಕಟ್ಟನ್ನು ಮನೆಗೆ ತಂದು ನನ್ನನ್ನು ಕರೆದರು. ಅಂಕ ಮರುಎಣಿಕೆ ಮಾಡಲು ಕರೆದಿದ್ದಾರೆ ಎಂದುಕೊಂಡಿದ್ದೆ. ಅವರ ಬಳಿ ಇದ್ದದ್ದು ಬೇರೆಯೇ ಯೋಜನೆ: ಕಳೆದುಹೋದ ಪ್ರತಿ ಅಂಕವೂ ಯಾವ ಕಾರಣಕ್ಕೆ ಹೋಯಿತು ಎಂದು ಬರೆದಿಡುವುದು. ಕಾರಣಗಳನ್ನು ನಾಲ್ಕಾಗಿ ಮಾಡಿಕೊಂಡರು. ಪಾಠದ ವಿಷಯವೇ ಗೊತ್ತಿಲ್ಲ. ವಿಷಯ ಗೊತ್ತು, ಆದರೆ ಪ್ರಶ್ನೆ ಅರ್ಥವಾಗಿಲ್ಲ. ಪ್ರಶ್ನೆಯೂ ಅರ್ಥವಾಗಿದೆ, ವಾಕ್ಯ ಕಟ್ಟಲು ಬಂದಿಲ್ಲ. ಏನನ್ನೂ ಬರೆಯದೆ ಬಿಟ್ಟಿದೆ.

ಮೊದಲನೆಯದೇ ದೊಡ್ಡದಾಗಿರುತ್ತದೆ ಎಂದು ಇಬ್ಬರೂ ನಿರೀಕ್ಷಿಸಿದ್ದೆವು. ಸಂಜೆಯ ಹೊತ್ತಿಗೆ ನೋಡಿದರೆ ಅದು ಎಲ್ಲಕ್ಕಿಂತ ಚಿಕ್ಕದು. ಎರಡನೆಯ ಮತ್ತು ಮೂರನೆಯ ಕಾರಣಗಳೇ ಹಾಳೆ ತುಂಬಿದ್ದವು.

ಒಂದು ಉದಾಹರಣೆ ಇಡೀ ಪ್ರಕರಣವನ್ನು ತೆರೆದು ತೋರಿಸುತ್ತದೆ. ಆರ್.ಕೆ. ನಾರಾಯಣ್ ಅವರ ‘ಎ ಹೀರೋ’ ಪಾಠದಲ್ಲಿ ಸ್ವಾಮಿಯ ಅಪ್ಪ ಪತ್ರಿಕೆಯಲ್ಲಿ ಹುಲಿಯನ್ನು ಎದುರಿಸಿದ ಹಳ್ಳಿ ಹುಡುಗನ ಸುದ್ದಿ ಓದುತ್ತಾನೆ. ಶಕ್ತಿ, ವಯಸ್ಸು ಮುಖ್ಯವಲ್ಲ, ಧೈರ್ಯವೇ ಎಲ್ಲ ಎನ್ನುತ್ತಾನೆ. ಸ್ವಾಮಿ ವಾದ ಮಾಡಿದಾಗ, ಹಾಗಿದ್ದರೆ ಇವತ್ತು ರಾತ್ರಿ ನನ್ನ ಕಚೇರಿ ಕೋಣೆಯಲ್ಲಿ ಒಬ್ಬನೇ ಮಲಗು ಎನ್ನುತ್ತಾನೆ. ಅಪ್ಪ ಹಾಗೆ ಹೇಳಿದ್ದು ಏಕೆ ಎಂಬುದು ಪ್ರಶ್ನೆ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಬರೆದದ್ದು ಸ್ವಾಮಿ ಕಳ್ಳನ ಕಾಲು ಕಚ್ಚಿ ಹಿಡಿದ ಕಥೆ. ನೋಟ್ಸಿನ ಉತ್ತರವೇ, ಅಕ್ಷರಕ್ಕೆ ಅಕ್ಷರ ಸರಿ, ಅಲ್ಪವಿರಾಮವೂ ತಪ್ಪಿಲ್ಲ. ಕೇಳಿದ್ದೇ ಬೇರೆ. ಪ್ರಶ್ನೆಯಲ್ಲಿ ಸ್ವಾಮಿ ಎಂಬ ಹೆಸರು ಕಂಡ ಕೂಡಲೇ ಸ್ವಾಮಿಯ ಮೇಲೆ ಇದ್ದ ಉದ್ದದ ಉತ್ತರವನ್ನು ಸುರಿದುಬಿಟ್ಟಿದ್ದರು.

ಹೀಗೆ ಬರೆದವರಲ್ಲಿ ‘ಸ’ ಎಂಬ ಹುಡುಗಿಯೂ ಇದ್ದಳು. ಮರುದಿನ ಶಿಕ್ಷಕಿ ಅವಳನ್ನು ಕರೆದು ಅದೇ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದರು. ಅವಳು ತಡವರಿಸಲಿಲ್ಲ. ‘ಧೈರ್ಯ ಇದ್ದರೆ ಸಾಕು ಎಂದು ಅಪ್ಪ ಹೇಳಿದ್ದನ್ನು ಇವನು ಒಪ್ಪಲಿಲ್ಲ ಟೀಚರ್. ಅದಕ್ಕೆ ಪರೀಕ್ಷೆ ಮಾಡಿದ. ಜೊತೆಗೆ ಇವನು ಇನ್ನೂ ಅಜ್ಜಿಯ ಪಕ್ಕ ಮಲಗುವುದು ಅಪ್ಪನಿಗೆ ಇಷ್ಟವಿರಲಿಲ್ಲ’ ಎಂದಳು. ಎರಡನೆಯ ಕಾರಣ ನೋಟ್ಸಿನಲ್ಲಿ ಇರಲೇ ಇಲ್ಲ. ಪಾಠ ಓದಿ ಅವಳೇ ಕಂಡುಕೊಂಡದ್ದು. ಇಷ್ಟು ತಿಳಿದ ಹುಡುಗಿಗೆ ಆ ಪ್ರಶ್ನೆಯಲ್ಲಿ ಸೊನ್ನೆ ಬಂದಿತ್ತು. ಪಾಠವನ್ನು ಇನ್ನೊಮ್ಮೆ ವಿವರಿಸಿದರೆ, ಉತ್ತರವನ್ನು ಇನ್ನೂ ಹತ್ತು ಬಾರಿ ಬರೆಸಿದರೆ ಅವಳಿಗೆ ಏನು ಲಾಭ?

ಬರವಣಿಗೆಯ ಭಾಗದಲ್ಲೂ ಅದೇ ಕಥೆ. ಶಾಲಾ ವಾರ್ಷಿಕೋತ್ಸವವನ್ನು ವರ್ಣಿಸಿ ಅಪ್ಪನಿಗೆ ಪತ್ರ ಬರೆಯಿರಿ ಎಂದರೆ, ಕೆಲವರು ಅಪ್ಪನಿಗೇ ಎರಡು ದಿನದ ರಜೆ ಕೋರಿ ಅರ್ಜಿ ಹಾಕಿದ್ದರು. ನಾವು ನಕ್ಕೆವು. ನಗು ಬಹಳ ಹೊತ್ತು ಉಳಿಯಲಿಲ್ಲ.

ಮೊದಲ ತೀರ್ಮಾನ: ಎಲ್ಲ ಪಾಠಗಳ ಸುತ್ತು ನಿಲ್ಲಿಸುವುದು

ಜನವರಿ ಅರ್ಧ ಕಳೆದಿತ್ತು. ಶಿಕ್ಷಕಿ ಎಲ್ಲ ಪಾಠಗಳ ಎರಡನೇ ಸುತ್ತನ್ನು ಕೈಬಿಟ್ಟರು. ಹೇಳುವಷ್ಟು ಸುಲಭದ ತೀರ್ಮಾನವಲ್ಲ ಅದು. ಬಿಟ್ಟ ಪಾಠದಿಂದಲೇ ಪ್ರಶ್ನೆ ಬಂದರೆ ಎಂಬ ಭಯ ಪ್ರತಿ ಶಿಕ್ಷಕರ ಎದೆಯಲ್ಲೂ ಇರುತ್ತದೆ. ಎರಡು ಗದ್ಯ, ಒಂದು ಪದ್ಯವನ್ನು ಮಾತ್ರ ಆರಿಸಿಕೊಂಡರು: ‘ಎ ಹೀರೋ’, ‘ಜೆಂಟಲ್‌ಮನ್ ಆಫ್ ರಿಯೋ ಎನ್ ಮೀಡಿಯೋ’ ಮತ್ತು ಷೇಕ್ಸ್‌ಪಿಯರನ ‘ದ ಮರ್ಚೆಂಟ್ ಆಫ್ ವೆನಿಸ್’ ನಾಟಕದಿಂದ ತೆಗೆದ ದಯೆಯ ಕುರಿತ ಭಾಗ. ವ್ಯಾಕರಣ, ಪತ್ರ, ವ್ಯಕ್ತಿ ಪರಿಚಯ, ಕಥೆ ಬೆಳೆಸುವುದು ಎಲ್ಲವನ್ನೂ ಈ ಮೂರರ ಒಳಗಿನಿಂದಲೇ ಮಾಡಿಸುವುದು. ಉಳಿದ ಪಾಠಗಳ ಪ್ರಶ್ನೆಗಳನ್ನು ಮಾತ್ರ ಜೋಡಿಯಾಗಿ ಕುಳಿತು ಓದುವುದು: ಏನು ಕೇಳಿದ್ದಾರೆ ಎಂದು ಕನ್ನಡದಲ್ಲಿ ಹೇಳಬೇಕು, ಉತ್ತರ ಬರೆಯುವ ಹಾಗಿಲ್ಲ.

ಈ ಜೋಡಿ ಓದು ನೋಡಲು ಸಪ್ಪೆ. ಆದರೆ ಮೊದಲ ಫಲ ಕೊಟ್ಟದ್ದು ಅದೇ. ಉತ್ತರ ಬರೆಯುವ ಭಾರ ಇಲ್ಲದಿರುವಾಗ ಮಕ್ಕಳು ಪ್ರಶ್ನೆಯ ಮೊದಲ ಪದವನ್ನು ನೋಡಲು ಕಲಿತರು. ವೈ ಎಂದರೆ ಕಾರಣ ಬೇಕು, ಹೌ ಎಂದರೆ ನಡೆದ ಬಗೆ ಬೇಕು ಎಂಬುದು ಐದನೇ ತರಗತಿಯಿಂದ ಗೊತ್ತಿದ್ದ ಸಂಗತಿ. ಪರೀಕ್ಷೆಯ ಗಾಬರಿಯಲ್ಲಿ ಮಾತ್ರ ಅದು ಉಪಯೋಗಕ್ಕೆ ಬರುತ್ತಿರಲಿಲ್ಲ.

ವ್ಯಾಕರಣಕ್ಕೆ ಕನ್ನಡ ಪತ್ರಿಕೆ

ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ಜೀವಾಳ ಇಲ್ಲಿದೆ. ಕರ್ಮಣಿ ಪ್ರಯೋಗ ಮತ್ತು ಪರೋಕ್ಷ ಕಥನ, ಇವೆರಡೂ ಪ್ರಶ್ನೆಪತ್ರಿಕೆಯಲ್ಲಿ ಖಾಯಂ ಅತಿಥಿಗಳು. ಮಕ್ಕಳಿಗೆ ಸೂತ್ರ ಬಾಯಿಪಾಠವಾಗಿತ್ತು: ಕರ್ಮವನ್ನು ಮುಂದೆ ತನ್ನಿ, ಕ್ರಿಯಾಪದದ ಮೂರನೇ ರೂಪ ಹಾಕಿ, ಕೊನೆಗೆ ಬೈ ಸೇರಿಸಿ. ಏಕೆ ಹೀಗೆ ತಿರುಗಿಸಬೇಕು ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಕನ್ನಡದ ಆಧಾರ ಕೊಡಲು ಶಿಕ್ಷಕಿ ‘ಸ್ವಾಮಿಯಿಂದ ಕಳ್ಳನು ಕಚ್ಚಲ್ಪಟ್ಟನು’ ಎಂದು ಬೋರ್ಡಿನ ಮೇಲೆ ಬರೆದರು. ತರಗತಿ ನಕ್ಕಿತು. ನಗದೆ ಏನು ಮಾಡೀತು? ಹಾಗೆ ಮಾತನಾಡುವವರನ್ನು ಅವರು ಜನ್ಮದಲ್ಲಿ ಕಂಡಿಲ್ಲ.

ಆಗ ‘ಗ’ ಎಂಬ ಹುಡುಗ, ‘ಟೀಚರ್, ಪೇಪರಿನಲ್ಲಿ ಕಳ್ಳನನ್ನು ಬಂಧಿಸಲಾಗಿದೆ ಎಂದು ಬರೆಯುತ್ತಾರಲ್ಲ, ಅದೂ ಇದೇನಾ?’ ಎಂದು ಕೇಳಿದ. ಶಿಕ್ಷಕಿ ಅಲ್ಲಿಗೇ ಪಾಠ ನಿಲ್ಲಿಸಿ, ಗ್ರಂಥಾಲಯದಿಂದ ಆ ವಾರದ ಕನ್ನಡ ಪತ್ರಿಕೆಗಳನ್ನು ತರಿಸಿದರು. ಬಂಧಿಸಲಾಗಿದೆ, ವಶಪಡಿಸಿಕೊಳ್ಳಲಾಗಿದೆ, ಮುಂದೂಡಲಾಗಿದೆ, ಆದೇಶಿಸಲಾಗಿದೆ. ಒಂದು ಪುಟದಲ್ಲೇ ಎಷ್ಟೋ ಸಿಕ್ಕವು. ಮಾಡಿದವರು ಯಾರು ಎಂಬುದು ಎಲ್ಲರಿಗೂ ಗೊತ್ತಿದ್ದಾಗ, ಅಥವಾ ಅದನ್ನು ಹೇಳುವ ಅಗತ್ಯವಿಲ್ಲದಿದ್ದಾಗ ಹೀಗೆ ಬರೆಯುತ್ತಾರೆ ಎಂದು ಮಕ್ಕಳೇ ಹೇಳಿದರು. ಒಬ್ಬಳು, ‘ಯಾರು ಮುಂದೂಡಿದರು ಎಂದು ಹೇಳಿದರೆ ಜನ ಅವರನ್ನೇ ಬೈಯುತ್ತಾರೆ, ಅದಕ್ಕೆ’ ಎಂದಳು. ಯಾವ ವ್ಯಾಕರಣ ಪುಸ್ತಕವೂ ಇಷ್ಟು ಚೆನ್ನಾಗಿ ಹೇಳಿದ್ದನ್ನು ನಾನು ಕಂಡಿಲ್ಲ.

ಮರುದಿನದ ಕೆಲಸ: ಸ್ವಾಮಿ ಕಳ್ಳನನ್ನು ಹಿಡಿದ ಸಂಗತಿಯನ್ನು ಇಂಗ್ಲಿಷಿನಲ್ಲಿ ಪತ್ರಿಕೆಯ ಸುದ್ದಿಯಾಗಿ ಬರೆಯುವುದು. ಪಾಠದ ವಿಷಯ, ಕರ್ಮಣಿ ಪ್ರಯೋಗ, ವರದಿ ಬರವಣಿಗೆ ಮೂರೂ ಒಂದೇ ಹಾಳೆಯಲ್ಲಿ ಬಂದವು. ಕಾಗುಣಿತ ತಪ್ಪುಗಳ ಜಾತ್ರೆಯೇ ಇತ್ತು, ನಿಜ. ಆದರೆ ನೋಟ್ಸಿನಿಂದ ಕದ್ದ ಒಂದು ವಾಕ್ಯವೂ ಇರಲಿಲ್ಲ, ಏಕೆಂದರೆ ನೋಟ್ಸಿನಲ್ಲಿ ಅಂಥದ್ದು ಇರಲಿಲ್ಲ.

ಪರೋಕ್ಷ ಕಥನ ಇನ್ನಷ್ಟು ಕಷ್ಟದ್ದು. ಕನ್ನಡದಲ್ಲಿ ‘ನಾನು ನಾಳೆ ಬರುತ್ತೇನೆ ಎಂದು ಅವನು ಹೇಳಿದ’ ಎಂದರೆ ಮುಗಿಯಿತು. ಆಡಿದ ಮಾತನ್ನು ಹಾಗೆಯೇ ಇಟ್ಟು ‘ಎಂದು’ ಸೇರಿಸಿದರೆ ಸಾಕು. ನಾನು ಅವನಾಗಬೇಕಿಲ್ಲ, ನಾಳೆ ಮರುದಿನವಾಗಬೇಕಿಲ್ಲ, ಕಾಲ ಹಿಂದಕ್ಕೆ ಸರಿಯಬೇಕಿಲ್ಲ. ಇಂಗ್ಲಿಷಿನಲ್ಲಿ ಮೂರೂ ಬದಲಾಗಬೇಕು. ಪತ್ರಿಕೆಯ ಭಾಷೆ ಇಲ್ಲಿಯೂ ಅರ್ಧ ದಾರಿಯವರೆಗೆ ಕೈಹಿಡಿಯಿತು. ‘ತಾನು ಮರುದಿನ ಬರುವುದಾಗಿ ಆತ ತಿಳಿಸಿದ’ ಎಂಬ ವಾಕ್ಯದಲ್ಲಿ ನಾನು ಎಂಬುದು ತಾನು ಆಗಿದೆ, ನಾಳೆ ಮರುದಿನವಾಗಿದೆ. ಅಪ್ಪ ಮತ್ತು ಸ್ವಾಮಿಯ ಸಂಭಾಷಣೆಯನ್ನು ಮೊದಲು ಈ ಪತ್ರಿಕೆಯ ಕನ್ನಡಕ್ಕೆ, ಆಮೇಲೆ ಇಂಗ್ಲಿಷಿಗೆ ತಂದರು. ಸರ್ವನಾಮದ ತಪ್ಪುಗಳು ಬೇಗನೆ ಕಡಿಮೆಯಾದವು. ಆದರೆ ವಿಲ್ ಎಂಬುದು ವುಡ್ ಆಗುವ ಕಾಲದ ಬದಲಾವಣೆಗೆ ಕನ್ನಡದಲ್ಲಿ ಆಸರೆ ಇಲ್ಲ. ಅದನ್ನು ಅಭ್ಯಾಸದಿಂದಲೇ ಕಲಿಯಬೇಕಾಯಿತು, ಕೊನೆಯವರೆಗೂ ಹಲವರಿಗೆ ಅದು ತಪ್ಪುತ್ತಲೇ ಇತ್ತು.

ಇಫ್ ವಾಕ್ಯಗಳಿಗೆ ದಾರಿ ಸಿಕ್ಕಿದ್ದು ರಿಯೋ ಎನ್ ಮೀಡಿಯೋದ ಮುದುಕ ಡಾನ್ ಆನ್ಸೆಲ್ಮೋನಿಂದ. ಅವನು ತನ್ನ ಮನೆ ಮತ್ತು ಜಮೀನನ್ನು 1,200 ಡಾಲರಿಗೆ ಮಾರಲು ಒಪ್ಪಿರುತ್ತಾನೆ. ಅಳತೆ ಮಾಡಿದಾಗ ಅವನು ಅಂದುಕೊಂಡದ್ದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಜಮೀನು ಇದೆ ಎಂದು ತಿಳಿಯುತ್ತದೆ. ಕೊಳ್ಳುವವರು ಹೆಚ್ಚಿನ ಹಣ ಕೊಡುತ್ತೇವೆ ಎಂದರೂ ಒಪ್ಪಿದ ಬೆಲೆಯೇ ಬೆಲೆ ಎನ್ನುತ್ತಾನೆ. ಅಮೆರಿಕದ ನ್ಯೂ ಮೆಕ್ಸಿಕೋದ ಈ ಕಥೆ ಈ ಮಕ್ಕಳಿಗೆ ದೂರದ್ದಾಗಿ ಕಾಣಲೇ ಇಲ್ಲ. ಸರ್ವೆ, ಪಹಣಿ, ಒತ್ತುವರಿ ಇವು ಅವರ ಮನೆಯ ಜಗುಲಿಯ ಮಾತು. ವರ್ಷವಿಡೀ ಹಿಂದಿನ ಬೆಂಚಿನಲ್ಲಿ ಬಾಯಿ ಬಿಡದೆ ಕುಳಿತಿದ್ದ ‘ಮ’ ಅಂದು, ‘ನಾನಾಗಿದ್ದರೆ ದುಡ್ಡು ತೆಗೆದುಕೊಳ್ಳುತ್ತಿದ್ದೆ’ ಎಂದ. ಪಕ್ಕದವನು, ‘ನಮ್ಮ ದೊಡ್ಡಪ್ಪ ಎರಡು ಗುಂಟೆಗೆ ಕೋರ್ಟಿಗೆ ಹೋಗಿದ್ದಾರೆ’ ಎಂದ. ಶಿಕ್ಷಕಿ ಆ ಮೊದಲ ವಾಕ್ಯವನ್ನು ಹಿಡಿದುಕೊಂಡರು. ನಡೆಯದ ಸಂಗತಿಯನ್ನು ಹೇಳಲು ಕನ್ನಡವೂ ‘ತೆಗೆದುಕೊಳ್ಳುತ್ತಿದ್ದೆ’ ಎಂದು ಹಿಂದಿನ ಕಾಲಕ್ಕೇ ಹೋಗುತ್ತದೆ. ಇಂಗ್ಲಿಷಿನ ‘ಇಫ್ ಐ ವರ್’ ಮತ್ತು ‘ಐ ವುಡ್ ಟೇಕ್’ ಮಾಡುವುದೂ ಅದನ್ನೇ. ಆ ದಿನ ಪ್ರತಿಯೊಬ್ಬರೂ ತಾವು ಆ ಮುದುಕನಾಗಿದ್ದರೆ ಏನು ಮಾಡುತ್ತಿದ್ದೆವು ಎಂದು ಎರಡೆರಡು ವಾಕ್ಯ ಬರೆದರು. ‘ಮ’ ಕೂಡ ಬರೆದ. ಒಂದು ವಾಕ್ಯದಲ್ಲಿ ಕ್ರಿಯಾಪದವೇ ಇರಲಿಲ್ಲ; ಆದರೂ ಅವನ ಕೈಯಿಂದ ಬಂದ ಮೊದಲ ಸ್ವಂತ ಇಂಗ್ಲಿಷ್ ಅದು.

ಪದ್ಯದ ಕಡೆ ಇಷ್ಟು ಹೇಳಿಕೊಳ್ಳುವಂಥದ್ದು ನಡೆಯಲಿಲ್ಲ. ದಯೆಯ ಸಾಲುಗಳು ಎಲ್ಲರಿಗೂ ಕಂಠಪಾಠವಾಗಿದ್ದವು, ಮಳೆಯ ಹೋಲಿಕೆ ಉಪಮಾಲಂಕಾರ ಎಂದೂ ಗೊತ್ತಿತ್ತು. ಯಾರು ಯಾರಿಗೆ ಹೇಳುವ ಮಾತು ಎಂದು ಕೇಳಿದರೆ ಮೌನ. ವಕೀಲನ ವೇಷದ ಪೋರ್ಷಿಯಾ, ಒಂದು ಪೌಂಡ್ ಮಾಂಸಕ್ಕೆ ಹಠ ಹಿಡಿದ ಶೈಲಾಕ್, ಆ ನ್ಯಾಯಾಲಯದ ದೃಶ್ಯವನ್ನು ಶಿಕ್ಷಕಿ ಒಂದು ಅವಧಿ ಪೂರ್ತಿ ಕಥೆಯಾಗಿ ಹೇಳಿದರು. ಕೇಳುವಾಗ ಕಣ್ಣರಳಿಸಿದವರು ಸಾರಾಂಶ ಬರೆಯುವಾಗ ಮತ್ತೆ ಗೈಡಿನ ವಾಕ್ಯಗಳಿಗೇ ಮರಳಿದರು. ಹಳೆಯ ಇಂಗ್ಲಿಷಿನ ಪದ್ಯವನ್ನು ತಮ್ಮ ಮಾತಿನಲ್ಲಿ ಹೇಳುವುದು ಆ ಕಾಲಾವಧಿಯಲ್ಲಿ ಆಗುವ ಕೆಲಸವಾಗಿರಲಿಲ್ಲ.

ಬರವಣಿಗೆಯಲ್ಲಿ ಚೆನ್ನಾಗಿ ನಡೆದದ್ದು ವ್ಯಕ್ತಿ ಪರಿಚಯ. ಪ್ರಶ್ನೆಪತ್ರಿಕೆಯಲ್ಲಿ ಹೆಸರು, ವಯಸ್ಸು, ಎತ್ತರ, ಹವ್ಯಾಸ ಎಂದು ಬಿಡಿಬಿಡಿ ಮಾಹಿತಿ ಕೊಡುತ್ತಾರೆ, ಅದನ್ನು ವಾಕ್ಯಗಳಾಗಿ ಮಾಡಬೇಕು. ಮಕ್ಕಳು ಶಾಲೆಯ ಬಿಸಿಯೂಟದ ಅಡುಗೆಯವರನ್ನು ಸಂದರ್ಶಿಸಿ ಅಂಥದ್ದೊಂದು ಪಟ್ಟಿಯನ್ನು ತಾವೇ ತಯಾರಿಸಿದರು. ಕನ್ನಡದಲ್ಲಿ ‘ಅವರಿಗೆ ಇಬ್ಬರು ಮಕ್ಕಳು’ ಎಂದರೆ ಕ್ರಿಯಾಪದವೇ ಬೇಡ. ಇಂಗ್ಲಿಷಿನಲ್ಲಿ ಹ್ಯಾಸ್ ಬೇಕು. ‘ಅವರ ವಯಸ್ಸು ನಲವತ್ತು’ ಎನ್ನುವಲ್ಲಿಯೂ ಬೇಡ. ಇಂಗ್ಲಿಷಿನಲ್ಲಿ ಈಸ್ ಬೇಕು. ಈ ಎರಡು ಕೊರತೆಗಳನ್ನು ತುಂಬಿದರೆ ಪರಿಚಯದ ಅರ್ಧ ತಪ್ಪುಗಳು ಹೋಗುತ್ತವೆ ಎಂದು ಶಿಕ್ಷಕಿ ಮೊದಲೇ ಗುರುತಿಸಿದ್ದರು. ಪತ್ರದ ವಿಷಯದಲ್ಲಿ ಮಾತ್ರ ಮಕ್ಕಳು ಅವರನ್ನು ಕಟ್ಟಿಹಾಕಿದರು. ಕುಡಿಯುವ ನೀರಿಗಾಗಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಪತ್ರ ಬರೆಯೋಣ ಎಂದರೆ, ‘ಪಿಡಿಒ ಸಾಹೇಬರಿಗೆ ಇಂಗ್ಲಿಷಿನಲ್ಲಿ ಯಾರು ಬರೆಯುತ್ತಾರೆ ಟೀಚರ್? ನೀರು ಬರುವುದೇ ನಿಂತೀತು’ ಎಂಬ ಉತ್ತರ ಬಂತು.

ಆಕ್ಷೇಪಗಳು

ಈ ನಡುವೆ ಶಾಲೆಗೆ ಭೇಟಿ ಕೊಟ್ಟ ಅಧಿಕಾರಿಯೊಬ್ಬರು ಇಂಗ್ಲಿಷ್ ಅವಧಿಯಲ್ಲಿ ಮೇಜಿನ ಮೇಲೆ ಕನ್ನಡ ಪತ್ರಿಕೆಗಳು ಹರಡಿದ್ದನ್ನು ಕಂಡು ಹುಬ್ಬೇರಿಸಿದರು. ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಕಲಿಸಬೇಕು ಎಂಬ ತರಬೇತಿ ಎಲ್ಲರಿಗೂ ಆಗಿದೆ. ಶಿಕ್ಷಕಿ ವಾದಕ್ಕೆ ಇಳಿಯಲಿಲ್ಲ. ‘ಗ’ನ ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟರು, ಒಂದು ಜನವರಿಯ ಪರೀಕ್ಷೆಯದು, ಇನ್ನೊಂದು ಸುದ್ದಿ ಬರಹ. ಅಧಿಕಾರಿ ಎರಡನ್ನೂ ಓದಿ, ಭೇಟಿ ಪುಸ್ತಕದಲ್ಲಿ ಆಕ್ಷೇಪ ಬರೆಯದೆ ಹೋದರು. ಮೆಚ್ಚುಗೆಯನ್ನೂ ಬರೆಯಲಿಲ್ಲ.

ಹೆಚ್ಚು ಗಂಭೀರವಾದ ಆಕ್ಷೇಪ ಮುಂದಿನ ಸಾಲಿನ ಮಕ್ಕಳ ಮನೆಗಳಿಂದ ಬಂತು. ‘ನಮ್ಮ ಮಗಳಿಗೆ ನೂರಕ್ಕೆ ನೂರು ಬರಬೇಕು, ನೀವು ಹಿಂದಿನವರಿಗಾಗಿ ನಿಲ್ಲುತ್ತಿದ್ದೀರಿ’ ಎಂದು ಒಬ್ಬ ತಂದೆ ನೇರವಾಗಿಯೇ ಹೇಳಿದರು. ಅದರಲ್ಲಿ ಸತ್ಯಾಂಶವಿತ್ತು. ಆ ಮಕ್ಕಳಿಗೆ ಸಂಜೆಯ ಹೊತ್ತು ಮಾದರಿ ಪ್ರಶ್ನೆಪತ್ರಿಕೆ ಬಿಡಿಸುವ ಪ್ರತ್ಯೇಕ ವ್ಯವಸ್ಥೆಯಾಯಿತು. ಅವರು ಅಂಕ ಕಳೆದುಕೊಳ್ಳುತ್ತಿದ್ದುದು ಮುಖ್ಯವಾಗಿ ಪ್ರಬಂಧದಲ್ಲಿ. ಗೈಡಿನ ಪೀಠಿಕೆಯನ್ನೇ ಎಲ್ಲರೂ ಬರೆಯುತ್ತಿದ್ದರು.

ಪಾಸಿಂಗ್ ಪ್ಯಾಕೇಜಿನ ವಿಷಯದಲ್ಲಿ ಶಿಕ್ಷಕಿ ಮೊದಲಿನ ಬಿಗುವನ್ನು ಸಡಿಲಿಸಿದರು. ತರಗತಿಯಲ್ಲಿ ಕೆಲವರಿಗೆ ಇಂಗ್ಲಿಷ್ ವಾಕ್ಯವನ್ನು ಕೂಡಿಸಿ ಓದಲೂ ಬರುತ್ತಿರಲಿಲ್ಲ. ‘ಮ’ ಅವರಲ್ಲಿ ಒಬ್ಬ. ರಜೆಯಲ್ಲಿ ಗ್ಯಾರೇಜಿಗೆ ಹೋಗುತ್ತಿದ್ದವನು. ಕ್ಲಚ್ ಪ್ಲೇಟಿನಿಂದ ಹಿಡಿದು ಬೇರಿಂಗಿನವರೆಗೆ ಡಬ್ಬಿಯ ಮೇಲಿನ ಹೆಸರುಗಳನ್ನು ಓದುತ್ತಿದ್ದ, ಪಾಠಪುಸ್ತಕದ ಸಾಲು ಮಾತ್ರ ಹತ್ತುತ್ತಿರಲಿಲ್ಲ. ಇಂಥವರಿಗೆ ಪತ್ರದ ನಮೂನೆ, ಚಿತ್ರದ ವಾಕ್ಯಗಳು, ಒಂದು ಪದ್ಯ ಎಂಬ ಆಸರೆಯನ್ನು ತಪ್ಪಿಸುವುದು ಆದರ್ಶದ ಹೆಸರಿನ ಕ್ರೌರ್ಯವಾಗುತ್ತಿತ್ತು. ಇಡೀ ತರಗತಿಯ ಪುನರಾವರ್ತನೆಯೇ ಪ್ಯಾಕೇಜ್ ಆಗಿಬಿಡುವುದನ್ನು ಮಾತ್ರ ಅವರು ಕೊನೆಯವರೆಗೂ ಒಪ್ಪಲಿಲ್ಲ.

ಎರಡನೇ ಪೂರ್ವಸಿದ್ಧತಾ ಪರೀಕ್ಷೆ

ಫೆಬ್ರವರಿಯ ಪರೀಕ್ಷೆಯ ಅಂಕಗಳು ಬಂದಾಗ ಶಿಕ್ಷಕಿಗಿಂತ ಹೆಚ್ಚು ಕಂಗೆಟ್ಟವರು ಮುಖ್ಯ ಶಿಕ್ಷಕರು. ಇಷ್ಟೆಲ್ಲ ಪತ್ರಿಕೆ, ಸಂದರ್ಶನ, ಚರ್ಚೆ ಆದ ಮೇಲೂ ತರಗತಿಯ ಅಂಕ ಸ್ವಲ್ಪವೇ ಮೇಲೆದ್ದಿತ್ತು. ನೋಟ್ಸನ್ನೇ ನೆಚ್ಚಿಕೊಂಡಿದ್ದ ಕೆಲವು ಮಧ್ಯಮ ವಿದ್ಯಾರ್ಥಿಗಳ ಅಂಕ ಇಳಿದೇ ಇತ್ತು. ‘ಸ’ ಕೂಡ ಅವರಲ್ಲಿದ್ದಳು. ಪ್ಯಾಕೇಜಿಗೆ ಮರಳಿ ಎಂಬ ಒತ್ತಡ ಈಗ ಆದೇಶದ ಹತ್ತಿರಕ್ಕೆ ಬಂತು.

ಶಿಕ್ಷಕಿ ಮತ್ತೆ ಕಟ್ಟು ಬಿಚ್ಚಿ ನಾಲ್ಕು ಕಾರಣಗಳ ವಿಂಗಡಣೆ ಮಾಡಿದರು. ಖಾಲಿ ಬಿಟ್ಟ ಜಾಗಗಳು ತೀರಾ ಕಡಿಮೆಯಾಗಿದ್ದವು. ಬೇರೆ ಪ್ರಶ್ನೆಗೆ ಉತ್ತರ ಬರೆದದ್ದು ಅಲ್ಲೊಂದು ಇಲ್ಲೊಂದು ಮಾತ್ರ. ವಾಕ್ಯ ಕಟ್ಟುವಲ್ಲಿ ತಪ್ಪಿದ ರಾಶಿ ದೊಡ್ಡದಾಗಿ ಊದಿಕೊಂಡಿತ್ತು. ಅದು ಹಾಗೆಯೇ ಆಗಬೇಕಿತ್ತು. ಮೊದಲು ಬಾಯಿಪಾಠದ ನಿರ್ದೋಷ ವಾಕ್ಯ ಬರೆಯುತ್ತಿದ್ದವಳು ಈಗ ತನ್ನದೇ ವಾಕ್ಯ ಬರೆಯುತ್ತಿದ್ದಾಳೆ. ಸರಿಯಾದ ಪ್ರಶ್ನೆಗೆ, ತಪ್ಪು ವ್ಯಾಕರಣದಲ್ಲಿ. ಒಟ್ಟು ಅಂಕವನ್ನಷ್ಟೇ ನೋಡುವವರ ಕಣ್ಣಿಗೆ ಈ ಬದಲಾವಣೆ ಬೀಳುವುದಿಲ್ಲ.

ಮುಖ್ಯ ಶಿಕ್ಷಕರ ಮುಂದೆ ಎರಡೂ ವಿಂಗಡಣೆಯ ಹಾಳೆಗಳನ್ನು ಇಟ್ಟು ಅವರು ಕೇಳಿದ್ದು ಇಷ್ಟೇ: ಉಳಿದ ವಾರಗಳಲ್ಲಿ ನಾನು ವಾಕ್ಯ ದುರಸ್ತಿ ಮಾತ್ರ ಮಾಡಿಸುತ್ತೇನೆ, ಹೊಸದು ಏನೂ ಇಲ್ಲ. ಅವರು ಬಹಳ ಹೊತ್ತು ಹಾಳೆಗಳನ್ನು ತಿರುವಿ ನೋಡಿ, ‘ಆಗಲಿ ಮೇಡಂ, ಆದರೆ ಸಭೆಗೆ ನೀವೂ ನನ್ನ ಜೊತೆ ಬರಬೇಕು’ ಎಂದರು. ಅಂಕಪಟ್ಟಿಯ ಬದಲು ಬೇರೊಂದು ಕಾಗದ ಅವರ ಕೈಯಲ್ಲಿ ಇದ್ದದ್ದರಿಂದಲೇ ಆ ಒಪ್ಪಿಗೆ ಸಿಕ್ಕಿತು ಎಂದು ನನ್ನ ಅಂದಾಜು.

ದುರಸ್ತಿಗೆ ಆರಿಸಿದ್ದು ಮೂರೇ ತಪ್ಪುಗಳನ್ನು. ಈಸ್, ಆರ್, ಹ್ಯಾಸ್ ಬಿಟ್ಟುಹೋಗುವುದು. ಹಿ, ಶಿ ಬಂದಾಗ ಕ್ರಿಯಾಪದಕ್ಕೆ ಸೇರಬೇಕಾದ ಎಸ್. ಕಥೆ ಹೇಳುವಾಗ ಭೂತಕಾಲ ನಡುವೆ ಜಾರಿ ವರ್ತಮಾನಕ್ಕೆ ಬರುವುದು. ಎ ಮತ್ತು ದ ಬಳಕೆಯನ್ನು ಬೇಕೆಂದೇ ಕೈಬಿಟ್ಟರು. ಕನ್ನಡದಲ್ಲಿ ಇಲ್ಲದ ಆ ಎರಡು ಪುಟ್ಟ ಪದಗಳನ್ನು ಕೆಲವು ವಾರಗಳಲ್ಲಿ ಕಲಿಸಲು ಹೊರಟರೆ ಉಳಿದದ್ದೂ ಕೆಡುತ್ತದೆ ಎಂಬುದು ಅವರ ಲೆಕ್ಕ. ದಿನಕ್ಕೆ ಐದು ತಪ್ಪು ವಾಕ್ಯಗಳು ಬೋರ್ಡಿನ ಮೇಲೆ. ಎಲ್ಲವೂ ಅವರ ಉತ್ತರಪತ್ರಿಕೆಗಳಿಂದಲೇ ತೆಗೆದದ್ದು, ಹೆಸರಿಲ್ಲದೆ. ನನ್ನದೇ ವಾಕ್ಯ ಎಂದು ಮಕ್ಕಳೇ ಕೂಗಿ ಒಪ್ಪಿಕೊಳ್ಳುವ ಮಟ್ಟಕ್ಕೆ ಅದು ಬಂತು. ಪ್ರಶ್ನೆಪತ್ರಿಕೆಯಲ್ಲಿ ತಪ್ಪು ತಿದ್ದುವ ಪ್ರಶ್ನೆಯೂ ಇರುವುದರಿಂದ ಅದಕ್ಕೂ ಬೇರೆ ಸಿದ್ಧತೆ ಬೇಕಾಗಲಿಲ್ಲ.

ಕೊನೆಗೆ ಆದದ್ದು

ಫಲಿತಾಂಶ ಪವಾಡದ್ದಲ್ಲ. ಹಿಂದಿನ ವರ್ಷಕ್ಕಿಂತ ಇಂಗ್ಲಿಷಿನಲ್ಲಿ ಅನುತ್ತೀರ್ಣರಾದವರು ಕಡಿಮೆ, ಮಧ್ಯದ ಗುಂಪು ಎದ್ದು ಕಾಣುವಂತೆ ಮೇಲೆ ಬಂದಿತ್ತು. ‘ಸ’ ಅದರಲ್ಲಿ ಮುಂದಿದ್ದಳು. ಆ ತಂದೆ ಬಯಸಿದ ನೂರಕ್ಕೆ ನೂರು ಯಾರಿಗೂ ಬರಲಿಲ್ಲ. ‘ಮ’ ಮೊದಲ ಪರೀಕ್ಷೆಯಲ್ಲಿ ಇಂಗ್ಲಿಷ್ ಪಾಸಾಗಲಿಲ್ಲ. ಎರಡನೇ ಪರೀಕ್ಷೆಗೆ ಶಿಕ್ಷಕಿ ಬೇಸಿಗೆ ರಜೆಯಲ್ಲಿ ಫೋನ್ ಮಾಡಿ ಕರೆಸಿ ಕೂರಿಸಿದರು, ಅದರಲ್ಲಿ ಪಾಸಾದ. ಆಗಿದ್ದ ವರ್ಷಕ್ಕೆ ಮೂರು ಪರೀಕ್ಷೆ ಎಂಬ ಪದ್ಧತಿಯನ್ನು ಎಷ್ಟು ಬೈದಿದ್ದರೂ, ಇಂಥ ಹುಡುಗರಿಗೆ ಅದು ಒಂದು ವರ್ಷ ಉಳಿಸಿಕೊಟ್ಟಿತು.

ಇದೇ ಕೆಲಸಕ್ಕೆ ಇಳಿಯುವವರಿಗೆ ಕೆಲವು ಮಾತು. ವಿಂಗಡಣೆಯನ್ನು ಜನವರಿಯವರೆಗೆ ಕಾಯಿಸಬೇಡಿ. ಅರ್ಧವಾರ್ಷಿಕದ ಉತ್ತರಪತ್ರಿಕೆಗಳೇ ಸಾಕು. ಆ ಶಿಕ್ಷಕಿ ಈಗ ಹಾಗೆಯೇ ಮಾಡುತ್ತಾರೆ. ಬಾಯಿಪಾಠ ಬಿಡಿಸಿದರೆ ಅಂಕ ಮೊದಲು ಕುಸಿಯುತ್ತದೆ ಎಂಬುದನ್ನು ಮುಖ್ಯ ಶಿಕ್ಷಕರಿಗೂ ಮನೆಯವರಿಗೂ ಮುಂಚೆಯೇ ಹೇಳಿಡಿ, ಕುಸಿದ ಮೇಲೆ ಹೇಳಿದರೆ ಸಬೂಬಿನಂತೆ ಕೇಳಿಸುತ್ತದೆ. ಪದ್ಯವನ್ನು ಈ ವಿಧಾನದಲ್ಲಿ ಹೇಗೆ ಸೇರಿಸುವುದು ಎಂಬುದಕ್ಕೆ ನಮ್ಮಿಬ್ಬರ ಬಳಿಯೂ ಇನ್ನೂ ಉತ್ತರವಿಲ್ಲ.

ಇನ್ನೊಂದು ಅಡಚಣೆಯನ್ನೂ ಹೇಳಬೇಕು. ಆ ಶಾಲೆಯಲ್ಲಿ ಹತ್ತನೇ ತರಗತಿಗೆ ಒಂದೇ ವಿಭಾಗ. ಮೂರು ವಿಭಾಗಕ್ಕೆ ಒಬ್ಬರೇ ಇಂಗ್ಲಿಷ್ ಶಿಕ್ಷಕರಿರುವ ಕಡೆ ಪ್ರತಿ ಉತ್ತರಪತ್ರಿಕೆಯನ್ನು ಹೀಗೆ ಬಿಡಿಸಿ ನೋಡುವುದು ಆಗದ ಮಾತು. ನಮ್ಮ ಶಾಲೆಯದು ಅದೇ ಸ್ಥಿತಿಯಾದ್ದರಿಂದ ವಿಂಗಡಣೆಯ ಕೆಲಸವನ್ನು ಮಕ್ಕಳಿಗೇ ವಹಿಸಿ ನೋಡುತ್ತಿದ್ದೇನೆ. ತಮ್ಮ ಪತ್ರಿಕೆಯನ್ನು ತಾವೇ ನೋಡುವಾಗ ಬಹುಪಾಲು ಮಕ್ಕಳು ಎಲ್ಲ ತಪ್ಪುಗಳನ್ನೂ ಮೊದಲ ಕಾರಣಕ್ಕೇ ಹಾಕುತ್ತಾರೆ: ‘ಮರೆತುಹೋಯಿತು ಸರ್.’ ಪ್ರಶ್ನೆ ಅರ್ಥವಾಗಲಿಲ್ಲ ಎನ್ನುವುದಕ್ಕಿಂತ ಮರೆತೆ ಎನ್ನುವುದು ಅವರಿಗೆ ಮರ್ಯಾದೆಯ ಮಾತು. ಪಕ್ಕದವರ ಪತ್ರಿಕೆ ಕೊಟ್ಟರೆ ವಿಂಗಡಣೆ ಸಾಕಷ್ಟು ಸರಿಯಾಗಿ ಬರುತ್ತದೆ. ಹಾಗಾಗಿ ಈಗ ಪತ್ರಿಕೆಗಳನ್ನು ಅದಲುಬದಲು ಮಾಡಿಸುತ್ತಿದ್ದೇನೆ, ಪರಸ್ಪರ ಜಗಳವಾಡದ ಜೋಡಿಗಳನ್ನು ಹುಡುಕುವುದೇ ಸದ್ಯದ ಕಷ್ಟ.